ಮೊದಲ ಕಾರ್ಡಿನ ಅರಿಶಿಣ

“ಯಾರ ಮನಿ ಬೀಗ?” ಎಂದು ಕೇಳಿದಳು ಹೂವಮ್ಮ.

ಕಂಪ್ಯೂಟರಿನ ಮುಂದೆ ಕುಳಿತಿದ್ದ ಸೂರಿ ತಿರುಗಿ ನೋಡಿದ. ನಡುಬಾಗಿಲಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದ ಮುದುಕಿ ತನ್ನ ಮಾತನ್ನು ಇಷ್ಟು ಹಿಡಿದುಕೊಳ್ಳುತ್ತಾಳೆಂದು ಅವನಿಗೆ ಗೊತ್ತಿರಲಿಲ್ಲ. ಹಿಂದಿನ ದಿನ ಅವಳ ಮಗ ಹಾಲಸ್ವಾಮಿಯ ಕಂಪ್ಯೂಟರು ಕೈಕೊಟ್ಟಿತ್ತು. ಪಕ್ಕದ ಓಣಿಯಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಸೂರಿ ಬಂದು ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕುತ್ತಿದ್ದ. “ಸಾಮಿ, ಕಾರ್ಡಿನ ಡಿಸೈನ್ ಮಾಡೋ ಕೋರಲ್ ಹಾಕೀನಿ. ಇನ್ನ ಕ್ರ್ಯಾಕ್ ಮಾಡೋದೊಂದು ಐತಿ, ನೆಟ್ ಬಂದ್ ಮಾಡ್ರಿ,” ಎಂದಿದ್ದ. ಹಾಗೆಂದರೇನು ಎಂದು ಹೂವಮ್ಮ ಕೇಳಿದ್ದಕ್ಕೆ, “ಏಂ ಲೇದಮ್ಮ, ಏನಿಲ್ಲ, ಬೀಗ ಒಡಿಯೋದು ಅಷ್ಟ,” ಎಂದು ನಕ್ಕಿದ್ದ.

“ಯಾರ ಮನೀದೂ ಅಲ್ಲವ್ವ,” ಎಂದ ಹಾಲಸ್ವಾಮಿ. “ಈ ಸಾಫ್ಟ್‌ವೇರ್ ಮಾಡಿದ ಕಂಪನಿಯವ್ರು ಹಾಕಿರೋ ಬೀಗ. ಕೊಂಡ್ಕೊಂಡ್ರ ಬಾಳ ರೊಕ್ಕ. ಆದವಾನಿಯಾಗ ಯಾರು ಕೊಂಡಾರ ಹೇಳು?”

“ಹಂಗಾದ್ರ ಅವ್ರದು. ಅವ್ರು ಹಾಕ್ಯಾರ, ನೀನು ಒಡೀತಿ.”

“ಎಲ್ಲಾರೂ ಒಡೀತಾರವ್ವ.”

“ನೀನು ಎಂದಿನಿಂದ?”

ಉತ್ತರವನ್ನು ಸೂರಿ ಕೊಟ್ಟ. “ಮೊದ್ಲಿಂದನೂ ಅಮ್ಮಾ. ನಾನ ಹಾಕಿಕೊಟ್ಟೀನಲ್ಲ.”

ಹೂವಮ್ಮ ಮೊರವನ್ನು ಕೆಳಗಿಟ್ಟಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಬಸ್ಸಿನಿಂದಿಳಿದು ಬೇರೆ ಊರಲ್ಲಿ ದಾರಿ ಕೇಳುವವರ ಹಾಗೆ ಮಗನನ್ನು ನೋಡಿದಳು.

“ದೇವರ ಚಿತ್ರ ಹಾಕಿ ಲಗ್ನದ ಕಾರ್ಡು ಮಾಡ್ತಿಯಲ್ಲ, ಅವೆಲ್ಲಾ ಇದ್ರಾಗ?”

“ಮತ್ತೆಲ್ಲಿ ಮಾಡ್ಲಿ?”

“ನನಗ ಹೇಳಿದ್ದಿಲ್ಲ ನೀನು,” ಎಂದು ಎದ್ದು ಒಳಗೆ ಹೋದಳು.

ಆಂಧ್ರಕ್ಕೆ ಸೇರಿದ ಗಡಿಯೂರು ಆದವಾನಿಯ ಹತ್ತಿ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಮುಂದೆ ಲಗ್ನದ ಕಾರ್ಡಿನ ಅಂಗಡಿ, ಹಿಂದೆ ಮನೆ. ಅಂಗಡಿ ಶುರುಮಾಡಿದವನು ಹಾಲಸ್ವಾಮಿಯ ತಂದೆ ಗಾದಿಲಿಂಗಪ್ಪ. ಆಗ ಅಚ್ಚಿನ ಮೊಳೆ ಜೋಡಿಸಿ ಕಾಲಲ್ಲಿ ತುಳಿಯುವ ಮಿಷನ್ನು. ಕನ್ನಡದ ಮೊಳೆಗಳನ್ನು ಬಳ್ಳಾರಿಯಿಂದ, ತೆಲುಗಿನವನ್ನು ಕರ್ನೂಲಿನಿಂದ ತಂದಿದ್ದ. ಈಗ ಅವನು ಸಂಜೆಯಾದರೆ ದೇವರ ಜಗುಲಿಯ ಮುಂದೆ ಕುಳಿತು ಪುರಾಣದ ಪದ್ಯಗಳನ್ನು ರಾಗವಾಗಿ ಓದುತ್ತಾನೆ. ಓದು ಬಾರದ ಹೂವಮ್ಮ ಗೋಡೆಗೊರಗಿ ಕೇಳುತ್ತಾಳೆ.

ತುಳಿಯುವ ಮಿಷನ್ನಿನ ಕಾಲದಿಂದಲೂ ಈ ಅಂಗಡಿಯದೊಂದು ಪದ್ಧತಿ. ಯಾರ ಲಗ್ನದ ಕಾರ್ಡೇ ಇರಲಿ, ಅಚ್ಚಾಗಿ ಬಂದ ಕಟ್ಟಿನಿಂದ ಮೊದಲನೆಯದನ್ನು ತೆಗೆದು ಹೂವಮ್ಮ ಜಗುಲಿಯ ಮುಂದಿಡುತ್ತಾಳೆ. ಅರಿಶಿಣ ಕಲಸಿ ಅದರ ನಾಲ್ಕು ಮೂಲೆಗೂ ಹೆಬ್ಬೆರಳಿನಿಂದ ಹಚ್ಚುತ್ತಾಳೆ. ಆ ಕಾರ್ಡು ಕಟ್ಟಿನ ಮೇಲೆ ಕುಳಿತು ಗಿರಾಕಿಯ ಮನೆಗೆ ಹೋಗುತ್ತದೆ, ಅವರು ಅದನ್ನು ಮನೆದೇವರಿಗೆ ಒಪ್ಪಿಸುತ್ತಾರೆ. ಊರಲ್ಲಿ ಇದಕ್ಕಿಂತ ಹೊಳೆಯುವ ಕಾರ್ಡು ಮಾಡುವ ಅಂಗಡಿಗಳು ಬೇಕಾದಷ್ಟಿವೆ. ಹಳೆಯ ಮನೆತನದವರು ಈ ಓಣಿ ಹುಡುಕಿಕೊಂಡು ಬರುವುದು ಹೂವಮ್ಮನ ಹೆಬ್ಬೆರಳಿಗೆ.

ಅಂದು ರಾತ್ರಿ ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ. ಎಲ್ಲರೂ ಕುಳಿತ ಮೇಲೆ ಹೂವಮ್ಮ, “ನಾನಿನ್ನ ಕಾರ್ಡಿಗೆ ಅರಿಶಿಣ ಹಚ್ಚಂಗಿಲ್ಲ,” ಎಂದಳು.

ರೊಟ್ಟಿ ಬಡಿಯುತ್ತಿದ್ದ ಸೊಸೆ ವಿಜಯಶ್ರೀಯ ಕೈ ನಿಂತಿತು. “ಯಾಕತ್ತಿ, ಮೈಯಾಗ ಆರಾಮಿಲ್ಲೇನು?”

“ಆರಾಮ ಅದೀನಿ. ಬೀಗ ಒಡೆದು ತಂದದ್ದನ್ನ ದೇವರ ಮುಂದ ಹೆಂಗ ಇಡ್ಲಿ?”

ಹಾಲಸ್ವಾಮಿ ತುತ್ತು ಕೆಳಗಿಟ್ಟ. “ಅವ್ವಾ, ಲಕ್ಷ್ಮಿಕಾಂತ ಸಾವ್ಕಾರ್ರ ಮಗಳು ಸುಷ್ಮಾಂದು ಲಗ್ನ ಬಂದೈತಿ. ಅವ್ರ ಮನಿ ಮೂರು ತಲೆಮಾರಿನ ಕಾರ್ಡು ಇಲ್ಲೇ ಆಗ್ಯಾವ. ನಿನ್ನ ಅರಿಶಿಣ ಇಲ್ಲಾಂದ್ರ ಅವ್ರ ಅವ್ವ ಕಾರ್ಡು ಮುಟ್ಟಂಗಿಲ್ಲ. ಇದೊಂದು ಮನಿ ಹೋದ್ರ ಉಳಿದವ್ರೂ ಬರಂಗಿಲ್ಲ.”

“ಹಂಗಾದ್ರ ಬೀಗ ಒಡೀದ ಮಾಡು.”

“ಹೆಂಗ ಮಾಡ್ಲಿ?”

“ಅದು ನನಗೇನ್ ಗೊತ್ತು. ಕೆಲಸ ನಿಂದು.”

ಮಜ್ಜಿಗೆಯಲ್ಲಿ ರೊಟ್ಟಿ ನೆನೆಸುತ್ತಿದ್ದ ಗಾದಿಲಿಂಗಪ್ಪ ತಲೆಯೆತ್ತದೆ ಹೇಳಿದ. “ಮೊಳಿ ನಾನು ರೊಕ್ಕ ಕೊಟ್ಟ ತಂದಿದ್ದೆ.”

“ಅಪ್ಪಾ, ನೀನು ಸುಮ್ನಿರು.”

“ಸುಮ್ನ ಅದೀನಿ. ಮೊಳಿ ಸುದ್ದಿ ಹೇಳಿದೆ.”

ಹಾಲಸ್ವಾಮಿಯ ಮಗಳು ಚೇತನಾ ನಕ್ಕು, ಅಪ್ಪ ನೋಡಿದ್ದರಿಂದ ಕೆಮ್ಮಿದಳು. ಡಿಗ್ರಿ ಮುಗಿಸಿದ ಮೇಲೆ ಅವಳೂ ಮಧ್ಯಾಹ್ನ ಅಂಗಡಿಯಲ್ಲಿ ಕೂರುತ್ತಿದ್ದಳು. “ಅಪ್ಪಾ, ಇಂಕ್‌ಸ್ಕೇಪ್ ಅಂತ ಒಂದೈತಿ. ಕೋರಲ್ಲಿನ ಕೆಲಸನ ಮಾಡ್ತೈತಿ. ಪುಕ್ಕಟೆ.”

“ಪುಕ್ಕಟೆ ಸಿಗೋದ್ರಾಗ ಪುಕ್ಕಟೆ ಕೆಲಸನ ಆಗ್ತೈತಿ. ಸುಮ್ನ ಉಣ್ಣು.”

ಹೂವಮ್ಮ ಮೊಮ್ಮಗಳ ಕಡೆ ತಿರುಗಿದಳು. “ಪುಕ್ಕಟೆ ಅಂದ್ರ? ಅದೂ ಒಡೆದದ್ದಾ?”

“ಅಲ್ಲಜ್ಜಿ. ಅದಕ್ಕ ಬೀಗನ ಇಲ್ಲ. ಯಾರು ಬೇಕಾದ್ರೂ ತಗೋಬಹುದು. ಹೆಂಗ ಮಾಡೀವಿ ಅನ್ನೋದನ್ನೂ ತೆರೆದಿಟ್ಟಾರ.”

“ಬೀಗ ಯಾಕ ಹಾಕಿಲ್ಲ ಅವ್ರು?”

ಚೇತನಾ ತಟ್ಟೆಯ ರೊಟ್ಟಿ ಮುರಿದಳು. “ನೋಡಿ ಹೇಳ್ತೀನಿ,” ಎಂದಳು.

ಮರುದಿನದಿಂದ ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ ಚೇತನಾ ತನ್ನ ಕಾಲೇಜಿನ ಹಳೆಯ ಲ್ಯಾಪ್‌ಟಾಪು ತೆರೆದು ಕೂರುವುದು, ಹೂವಮ್ಮ ಹಿಂದೆ ಸ್ಟೂಲು ಹಾಕಿಕೊಂಡು ಚೌಳಿಕಾಯಿ ಮುರಿಯುತ್ತ ನೋಡುವುದು ರೂಢಿಯಾಯಿತು. ಚೇತನಾಳಿಗೂ ಅದು ಹೊಸದು. ಒಂದು ದೀಪ ಬರೆಯುವುದಕ್ಕೆ ಒಂದು ಮಧ್ಯಾಹ್ನ ಹಿಡಿಯಿತು. ಅಪ್ಪನ ಹಳೆಯ ಫೈಲೊಂದನ್ನು ತೆರೆದರೆ ಗಣಪತಿ ಸರಿಯಾಗಿ ಬಂದ, ಅಕ್ಷರಗಳು ಮಾತ್ರ ಜಾತ್ರೆ ಚದುರಿದ ಹಾಗೆ ಎಲ್ಲೆಲ್ಲೋ ಬಿದ್ದಿದ್ದವು.

“ಇದನ್ನ ಮಾಡಿದವ್ರು ಯಾವೂರಿನವ್ರು?” ಎಂದಳು ಹೂವಮ್ಮ.

“ಒಂದೂರಿನವ್ರಲ್ಲಜ್ಜಿ. ಒಬ್ಬರು ಒಂದು ತುಣುಕು ಮಾಡ್ತಾರ, ಇನ್ನೊಬ್ಬರು ಇನ್ನೊಂದು. ಒಬ್ಬರಿಗೊಬ್ಬರು ಮುಖ ನೋಡಿಲ್ಲ.”

“ಹೊಟ್ಟಿಗೇನ್ ಮಾಡ್ತಾರ?”

“ಬ್ಯಾರೆ ನೌಕರಿ ಇರ್ತಾವ. ಬಿಡುವಿದ್ದಾಗ ಇದನ್ನ ಮಾಡ್ತಾರ. ಕೆಲವ್ರಿಗೆ ಯಾರಾದ್ರೂ ಸಹಾಯ ಮಾಡ್ತಾರ.”

ಹೂವಮ್ಮ ಮುರಿದ ಚೌಳಿಕಾಯನ್ನು ಮೊರಕ್ಕೆ ಹಾಕಿದಳು. “ಮಂತ್ರಾಲಯದಾಗ ಊಟ ಪುಕ್ಕಟೆ. ಆದ್ರ ಕುಂಬಳಕಾಯಿ ಹೆಚ್ಚಿದವ್ರು ಒಳಗ ಇದ್ದ ಇರ್ತಾರ. ಒಂದ್ಸಲ ಒಳಗ ಹೋಗಿ ನೋಡಿದ್ದೆ ನಾನು. ಇವ್ರನ್ನ ನೋಡಬೇಕಂದ್ರ ಎಲ್ಲಿ ಹೋಗಬೇಕು?”

“ಹೆಸರು ನೋಡಬಹುದು.” ಚೇತನಾ ತೆರೆಯ ಮೇಲೆ ಉದ್ದಕ್ಕೆ ಹೆಸರುಗಳನ್ನು ತೋರಿಸಿದಳು. ಹೂವಮ್ಮನಿಗೆ ಓದಲು ಬಾರದಿದ್ದರೂ ಅವು ಮುಗಿಯುವ ತನಕ ನೋಡಿದಳು.

ಹಾಲಸ್ವಾಮಿಯೂ ಒಂದು ದಿನ ಮಗಳ ಒತ್ತಾಯಕ್ಕೆ ಬಂದು ಕುಳಿತ. ಕೀಬೋರ್ಡಿನ ಎಫ್ ಆರು ಒತ್ತಿದ. ಕೋರಲ್ಲಿನಲ್ಲಿ ಅದು ಚೌಕ. ಇಲ್ಲಿ ಪೆನ್ಸಿಲ್ಲು ಬಂದು ಕೋಳಿ ಕೆದರಿದ ಹಾಗೆ ಗೀಚಿತು. “ಚೌಕ ಕೇಳಿದ್ರ ಗೀಚ್ತೈತಿ,” ಎಂದು ಎದ್ದ. “ನೀವು ಅಜ್ಜಿ ಮೊಮ್ಮಗಳು ಆಡಿಕೊಳ್ರಿ. ನನಗ ಕೆಲಸ ಐತಿ.”

ಆ ಕೆಲಸ ಏನೆಂಬುದು ಮನೆಗೆ ತಿಳಿದದ್ದು ಹತ್ತಾರು ದಿನ ಕಳೆದ ಮೇಲೆ. ಲಕ್ಷ್ಮಿಕಾಂತ ಸಾವ್ಕಾರ ಕಾರ್ಡಿನ ಕಟ್ಟನ್ನು ತಾನೇ ಹೊತ್ತು ತಂದು ಕೌಂಟರಿನ ಮೇಲಿಟ್ಟ. ಹತ್ತಿ ಬೇಲಿನ ವ್ಯಾಪಾರ ಮಾಡುವವನು, ಯಾವ ವಸ್ತುವನ್ನಾದರೂ ಮೊದಲು ಬೆರಳಿಂದ ಮುಟ್ಟಿ ನೋಡಿಯೇ ಮಾತಾಡುವ ಮನುಷ್ಯ. ಈಗ ಮುಟ್ಟಲಿಲ್ಲ.

“ಹಾಲಸ್ವಾಮಿ, ನಮ್ಮವ್ವ ನಿಮ್ಮ ಕಾರ್ಡಿನ ಅರಿಶಿಣ ಕಣ್ಣಿಗೊತ್ತಿಕೊಂಡ್ಲು. ಆಮ್ಯಾಲೆ ಬೆರಳು ನೋಡ್ಕೊಂಡ್ಲು. ಬೆರಳಿಗೆ ಏನೂ ಹತ್ತಿದ್ದಿಲ್ಲ. ನೀರು ಹಚ್ಚಿ ತಿಕ್ಕಿದ್ಲು, ಆಗ್ಲೂ ಇಲ್ಲ. ಎರಡನೇ ಕಾರ್ಡು ತಗದ್ಲು, ಅದಕ್ಕೂ ಅರಿಶಿಣ. ಮೂರನೇದಕ್ಕೂ. ಎಲ್ಲಾದಕ್ಕೂ ನಾಕೂ ಮೂಲಿಗೆ.”

ಹಾಲಸ್ವಾಮಿ ಮೌಸನ್ನು ಅತ್ತಿತ್ತ ಸರಿಸಿದ. “ಹೊಸ ಡಿಸೈನ್ ಸಾವ್ಕಾರ್ರ. ಹೆಂಗೂ ಎಲ್ಲಾರೂ ಹಚ್ಚೇ ಕೊಡ್ತಾರ, ನಿಮಗೂ ಕೆಲಸ ಉಳೀತೈತಿ ಅಂತ ಅಚ್ಚು ಹಾಕಿಸಿದೆ.”

“ಆಸ್ಪರಿಯ ನಮ್ಮಕ್ಕಗ ಒಂದು ಕೊಟ್ಟು ಬಂದ್ವಿ. ಆಕಿ ಫೋನ್ ಮಾಡಿ ಏನ್ ಕೇಳಿದ್ಲು ಗೊತ್ತಾ? ‘ನಿಮ್ಮ ಮನಿ ಹೆಂಗಸರಿಗೆ ಕೈ ಇಲ್ಲೇನು?’ ಅಂದ್ಲು.” ಸಾವ್ಕಾರನಿಗೇ ನಗು ಬಂತು, ತಡೆದುಕೊಂಡ. “ಹೂವಮ್ಮಗ ಏನಾಗೈತಿ ಖರೆ ಹೇಳು. ಮುಂದಿನ ಶುಕ್ರವಾರಕ್ಕ ಕೈ ಅರಿಶಿಣದ ಕಾರ್ಡು ಬೇಕು. ಆಗ್ಲಿಲ್ಲಾ, ಬಳ್ಳಾರಿಗೆ ಕೊಡ್ತೀನಿ. ಬ್ಯಾಸರ ಮಾಡ್ಕೋಬ್ಯಾಡ.”

ಅವನು ಹೋದ ಮೇಲೆ ಹೂವಮ್ಮ ಹೊರಗೆ ಬಂದು ಕಟ್ಟಿನಿಂದ ಒಂದು ಕಾರ್ಡು ಎಳೆದಳು. ಬೆಳಕಿಗೆ ಹಿಡಿದಳು. ಅರಿಶಿಣದ ಗುರುತಿನ ನಡುವೆ ಓರೆಯಾಗಿ ಒಂದು ಬಿಳಿ ಗೆರೆ. ತನ್ನ ಹೆಬ್ಬೆರಳನ್ನು ಪಕ್ಕಕ್ಕೆ ಹಿಡಿದಳು. ಈಳಿಗೆ ತಾಗಿ ಉಳಿದ ಕಲೆ ಅಲ್ಲೇ ಇತ್ತು, ಅಷ್ಟೇ ಓರೆಯಾಗಿ.

“ಇದು ನನ್ನ ಬೆರಳು,” ಎಂದಳು. “ಎಲ್ಲಿ ಸಿಕ್ತು ನಿನಗ?”

“ಸ್ಯಾಂಪಲ್ಲಿಗಿಟ್ಟ ಹಳೇ ಕಾರ್ಡಿನಾಗಿತ್ತವ್ವ. ಸ್ಕ್ಯಾನ್ ಮಾಡಿದೆ.”

ವಿಜಯಶ್ರೀ ಒಳಗಿಂದಲೇ ಹೇಳಿದಳು. “ಅತ್ತಿ ಬೆರಳಿನ ಬೀಗಾನೂ ಒಡೆದ್ರಿ ಅಂದಂಗಾತು.”

“ನೀನೊಬ್ಬಾಕಿ ಬಾಕಿ ಇದ್ದಿ.”

“ನಾನ ಕೊನೀಗೆ ಮಾತಾಡೋದು. ಊರಾಗಿನ ಹೆಂಗಸರಿಗೆ ನಾಳೆ ನಾನ ಉತ್ತರ ಕೊಡಬೇಕು.”

ಹೂವಮ್ಮ ಕಾರ್ಡನ್ನು ಇನ್ನೂ ನೋಡುತ್ತಿದ್ದಳು. “ಚಲೋ ಬಂದೈತಿ,” ಎಂದಳು. “ಕೇಳಿದ್ರ ಕೊಡ್ತಿದ್ದೆನೋ ಏನೋ. ಕೇಳ್ಲಿಲ್ಲ ನೀನು.”

ಹಾಲಸ್ವಾಮಿ ಅಂದು ಉಂಡದ್ದು ಅರ್ಧ ರೊಟ್ಟಿ. ಮರುದಿನ ಬೆಳಿಗ್ಗೆ ವಿಜಯಶ್ರೀ ಮಾಡಿದ ಮಂಡಕ್ಕಿ ಉಗ್ಗಾಣಿಯನ್ನು ಎರಡು ಸಲ ಹಾಕಿಸಿಕೊಂಡ, ಜೊತೆಗೆ ಬಜ್ಜಿಯನ್ನೂ. ಕೈ ತೊಳೆದು ಬಂದು ಚೇತನಾಳ ಪಕ್ಕ ನಿಂತ. “ತಗಿ ನಿನ್ನ ಪುಕ್ಕಟೇದು.”

ಮತ್ತೆ ಎಫ್ ಆರು, ಮತ್ತೆ ಪೆನ್ಸಿಲ್ಲಿನ ಗೀಚು. “ಈ ಕೆಲಸ ನನ್ನ ಬೆರಳಿಗೆ ಗೊತ್ತು, ತಲಿಗಲ್ಲ. ಈ ವಯಸ್ಸಿನಾಗ ಬೆರಳು ಬದ್ಲಿ ಮಾಡು ಅಂದ್ರ ಹೆಂಗ ಮಗಳ?”

“ತಡಿ ಅಪ್ಪಾ.” ಚೇತನಾ ಸೆಟ್ಟಿಂಗಿನೊಳಗೆ ಹುಡುಕುತ್ತಿದ್ದಳು. ಯಾವ ಕೀ ಯಾವ ಕೆಲಸ ಮಾಡಬೇಕೆಂದು ಆರಿಸುವ ಜಾಗ ಅಲ್ಲಿತ್ತು. ಅಲ್ಲಿದ್ದ ಹೆಸರುಗಳಲ್ಲಿ ಕೋರಲ್ಲಿನದೂ ಒಂದು. ಅದನ್ನು ಒತ್ತಿದಳು. “ಈಗ ನೋಡು.”

ಹಾಲಸ್ವಾಮಿ ಎಫ್ ಆರು ಒತ್ತಿ ಎಳೆದ. ಚೌಕ ಮೂಡಿತು. ಎಫ್ ಏಳು ಒತ್ತಿ ಎಳೆದ. ವೃತ್ತ. ನಂಬಿಕೆಯಾಗದೆ ಮತ್ತೊಂದು ಚೌಕ ಎಳೆದ. ಆಮೇಲೆ ಕುರ್ಚಿಯನ್ನು ಮುಂದಕ್ಕೆಳೆದುಕೊಂಡ.

“ಇದನ್ನ ಯಾರು ಮಾಡ್ಯಾರ?”

“ಯಾರೋ. ಕೋರಲ್ಲಿನಿಂದ ಬರೋರಿಗೆ ತ್ರಾಸಾಗಬಾರ್ದು ಅಂತ.”

“ನನ್ನಂಥಾವ ಬರ್ತಾನಂತ ಅವ್ರಿಗೆ ಹೆಂಗ ಗೊತ್ತು?”

“ಅವ್ರೂ ನಿನ್ನಂಗ ಬಂದಿರಬೇಕು.”

ಹಾಲಸ್ವಾಮಿ “ಸರಕೊ,” ಎಂದು ಮಗಳನ್ನು ಪಕ್ಕಕ್ಕೆ ಸರಿಸಿ ಮೌಸು ಹಿಡಿದ. ಮಧ್ಯಾಹ್ನದ ಊಟಕ್ಕೆ ವಿಜಯಶ್ರೀ ಮೂರು ಸಲ ಕರೆಯಬೇಕಾಯಿತು.

ಕಾರ್ಡಿನ ಒಳಗಿನ ಮಾತನ್ನು ಕನ್ನಡ, ತೆಲುಗು ಎರಡರಲ್ಲೂ ಹೊಸದಾಗಿ ಟೈಪು ಮಾಡಿದರು. ಸುತ್ತಲಿನ ಬಳ್ಳಿಯ ಅಂಚಿಗೆ ಬಂದಾಗ ಸ್ಟೂಲಿನ ಮೇಲಿಂದ ಪ್ರಶ್ನೆ ಬಂತು. “ಆ ಬಳ್ಳಿ ಎಲ್ಲಿಂದು?”

“ಸೂರಿ ಕಾಪಿ ಹೊಡದು ಕೊಟ್ಟ ಸೀಡಿಯಾಗಿಂದವ್ವ,” ಎಂದ ಹಾಲಸ್ವಾಮಿ. ಎಂದವನೇ ತಾಯಿಯ ಮುಖ ನೋಡಿ ಅದನ್ನು ಅಳಿಸಿದ. “ಬಳ್ಳಿ ಇಲ್ಲಾಂದ್ರ ಕಾರ್ಡು ಬೋಳು ಕಾಣ್ತೈತಿ.”

“ಬಳ್ಳಿಗೇನ್ ಬರ,” ಎಂದು ಹೂವಮ್ಮ ಎದ್ದಳು.

ಕಾಗದದ ಮೇಲೆ ಪೆನ್ನಿನಿಂದ ಅವಳಿಗೆ ಬರಲಿಲ್ಲ. ನಡುಮನೆಯ ಕಪ್ಪು ಕಡಪಾ ಕಲ್ಲಿನ ಮೇಲೆ ರಂಗೋಲಿ ಪುಡಿಯಿಂದ ಎಳೆದಳು. ಬಳ್ಳಿ ಸಾಗಿ ಹೋಗಿ ಮೂಲೆಯಲ್ಲಿ ಒಂದು ಕಮಲ. ಕಮಲ ಅರ್ಧವಾಗಿದ್ದಾಗ ಕುಕ್ಕರು ಕೂಗಿತು. ವಿಜಯಶ್ರೀ ನೀರಿಗೆ ಹೋಗಿದ್ದಳು. ಹೂವಮ್ಮ ಎದ್ದು ಹೋಗಿ ಒಲೆ ಆರಿಸಿ ಬಂದು ಕಮಲವನ್ನು ಮುಗಿಸಿದಳು. “ಉಳಿದ ಮೂರು ಮೂಲಿ?” ಎಂದಳು.

“ಒಂದು ಸಾಕಜ್ಜಿ. ತಿರುಗಿಸಿ ತಿರುಗಿಸಿ ನಾಕೂ ಕಡೆ ಇಡ್ತೀನಿ.” ಚೇತನಾ ಫೋನಿನಲ್ಲಿ ಫೋಟೋ ತೆಗೆದು, ಅದನ್ನು ಗೆರೆಯಾಗಿಸಿದಳು. ನೆಲದ ಬಳ್ಳಿ ಹಳದಿಯಾಗಿ ತೆರೆಯ ಮೇಲೆ ಹಬ್ಬಿದ್ದನ್ನು ನೋಡಲು ಗಾದಿಲಿಂಗಪ್ಪನೂ ಪುರಾಣದ ಪುಸ್ತಕ ಮುಚ್ಚಿಟ್ಟು ಬಂದ.

ಮೊದಲ ಸಲ ಸ್ಟೇಷನ್ ರೋಡಿನ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದಾಗ ಕುಂಕುಮದ ಕೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಹಾಲಸ್ವಾಮಿ “ನಾ ಹೇಳಿದ್ದೆ” ಎನ್ನಲಿಲ್ಲ. ಪ್ರೆಸ್ಸಿನವರಿಂದ ಅವರ ಶಾಯಿಗೆ ಬೇಕಾದ ಬಣ್ಣದ ಲೆಕ್ಕ ಕೇಳಿಕೊಂಡು ಬಂದ. ಚೇತನಾ ಅಚ್ಚಿನ ಬಣ್ಣ ಹೊಂದಿಸುವ ಸ್ಕ್ರೈಬಸ್ ಎಂಬ ಇನ್ನೊಂದನ್ನು ಇಳಿಸಿಕೊಂಡಳು. ಅದಕ್ಕೂ ಬೀಗವಿರಲಿಲ್ಲ. ಅಪ್ಪ ಮಗಳು ಜಗಳಾಡುತ್ತ ಬಣ್ಣ ಕೂಡಿಸಿದರು. ಎರಡನೆಯ ಸಲ ಕೆಂಪು ಕುಂಕುಮವಾಗಿಯೇ ಬಂತು.

ಗುರುವಾರ ಸಂಜೆ ಕಟ್ಟು ಬಂತು. ಹಾಲಸ್ವಾಮಿ ಅದನ್ನು ಬಿಚ್ಚಲಿಲ್ಲ. ತಾಯಿಯ ಮುಂದಿಟ್ಟು ದೂರ ನಿಂತ.

“ಇದ್ರಾಗ ಒಡೆದದ್ದು ಏನಾರ ಐತಾ?” ಎಂದು ಹೂವಮ್ಮ ಕೇಳಿದಳು.

“ಇಲ್ಲವ್ವ. ಅಕ್ಷರಾನೂ ಬೀಗ ಇಲ್ಲದ್ದ.”

ಅವಳು ಮೇಲಿನ ಕಾರ್ಡು ತೆಗೆದು ಜಗುಲಿಯ ಮುಂದಿಟ್ಟಳು. ಅರಿಶಿಣ ಕಲಸಿದಳು. ನಾಲ್ಕೂ ಮೂಲೆಯ ಕಮಲಗಳ ಮೇಲೆ ಹೆಬ್ಬೆರಳು ಒತ್ತಿದಳು. ಗಾದಿಲಿಂಗಪ್ಪ ನಿಲ್ಲಿಸಿದಲ್ಲಿಂದ ಪದ್ಯ ಎತ್ತಿಕೊಂಡ. ಮರುದಿನ ಸಾವ್ಕಾರನ ತಾಯಿ ಕಾರ್ಡನ್ನು ಕಣ್ಣಿಗೊತ್ತಿಕೊಂಡು ಬೆರಳು ನೋಡಿಕೊಂಡಳಂತೆ. ಬೆರಳು ಹಳದಿಯಾಗಿತ್ತಂತೆ. ಸಾವ್ಕಾರ ಫೋನಿನಲ್ಲಿ ಹೇಳಿದ್ದು ಅಷ್ಟೇ.

ಒಂದು ಭಾನುವಾರ ಚೌಳಿಕಾಯಿ ಮುರಿಯುತ್ತ ಹೂವಮ್ಮ, “ನಾವು ತಗೊಂಡ್ವಿ. ಏನಿಟ್ವಿ?” ಎಂದಳು.

“ಏನಿಡಬೇಕಜ್ಜಿ?”

“ಉಂಡು ಎಲಿ ಎತ್ತದ ಎದ್ದು ಬಂದಂಗ ಆಗೈತಿ ನನಗ.”

ಬೇಕಾದವರು ತೆಗೆದುಕೊಳ್ಳಲಿ ಎಂದು ಚಿತ್ರಗಳನ್ನು ಇಡುವ ಒಂದು ತಾಣ ಚೇತನಾಳಿಗೆ ಗೊತ್ತಿತ್ತು. ಬಳ್ಳಿಯನ್ನು ಅಲ್ಲಿಡಲೇ ಎಂದು ಕೇಳಿದಳು. ಕೇಳಿದ್ದು ಹೂವಮ್ಮನಿಗೆ ಹಿಡಿಸಿತು. ಯಾರ ಹೆಸರು ಹಾಕಲಿ ಎಂದದ್ದಕ್ಕೆ, “ನನ್ನ ಹೆಸರು ಅವ್ರು ಏನ್ ಮಾಡ್ತಾರ, ಬಳ್ಳಿ ಊರು ಹಾಕು,” ಎಂದಳು. ‘ಆದವಾನಿ ಬಳ್ಳಿ’ ಎಂದು ಹೆಸರಾಯಿತು. ಆ ಸುದ್ದಿ ಕೇಳಿದ ಸೂರಿ, “ಅಮ್ಮಾ, ನನ್ನ ಕ್ರ್ಯಾಕ್ ವ್ಯಾಪಾರ ನಿಲ್ಲಿಸಿದಿ,” ಎಂದು ನಗುತ್ತ ಚಹಾ ಕುಡಿದು, ಹೋಗುವಾಗ ಇಂಕ್‌ಸ್ಕೇಪನ್ನು ತನ್ನ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಹೋದ.

ಯುಗಾದಿ ಕಳೆದು ಮಾವಿನಕಾಯಿ ಉಪ್ಪಿನಕಾಯಿಗೆ ಬಿದ್ದ ಮೇಲೆ ಸಿಂಧನೂರಿನಿಂದ ವಿಜಯಶ್ರೀಯ ತವರಿನವರು ಲಗ್ನಕ್ಕೆ ಕರೆಯಲು ಬಂದರು. ಅವರ ಕಡೆ ಅರಿಶಿಣ ಹಚ್ಚುವುದು ಲಕೋಟೆಗೆ, ಒಳಗಿನ ಕಾರ್ಡು ಹಾಗೇ ಇತ್ತು. ಅವರು ಉಂಡು ಬಸ್ಸಿಗೆ ಹೋದ ಮೇಲೆ ಹಾಲಸ್ವಾಮಿ ಕಾರ್ಡನ್ನು ತಿರುವಿ ನೋಡಿ ಸೆಟೆದು ಕುಳಿತ.

“ಇದು ನಮ್ಮ ಬಳ್ಳಿ. ನೋಡು ಚೇತನಾ. ಸಿಂಧನೂರಾಗ ಯಾವನೋ ನಮ್ಮ ಬಳ್ಳಿ ಕದ್ದಾನ.”

“ಕದ್ದಿಲ್ಲ, ತಗೊಂಡಾನ,” ಎಂದಳು ಹೂವಮ್ಮ. “ಇಲ್ಲಿ ಕೊಡು.”

ಕಿಟಕಿಯ ಬಳಿ ಹೋಗಿ ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದಳು. ಬಣ್ಣ ಬೇರೆಯಾಗಿತ್ತು, ಹಳದಿಯ ಜಾಗದಲ್ಲಿ ಹಸಿರು. ಬೆರಳಿನಿಂದ ಬಳ್ಳಿಯ ಮೇಲೆ ಹೋದಳು. ಮೂಲೆಯಲ್ಲಿ ಬೆರಳು ನಿಂತಿತು.

“ಎಂಟು ಎಸಳು ಬರಬೇಕು ಕಮಲಕ್ಕ. ಏಳ ಅದಾವ.”

ಚೇತನಾ ಬಂದು ನೋಡಿದಳು. ನಾಲ್ಕು ಮೂಲೆಯಲ್ಲೂ ಏಳು. “ಅಜ್ಜಿ, ಕುಕ್ಕರು ಕೂಗಿತ್ತಲ್ಲ.”

“ಹೌದು. ಎದ್ದು ಹೋಗಿದ್ದೆ. ಬಂದು ಮರೆತೆ.” ಹೂವಮ್ಮ ನಕ್ಕಳು. “ನಾ ನೋಡಿದ್ದು ಸಾವ್ಕಾರನ ಮೊದ್ಲ ಕಾರ್ಡೊಂದ, ಅದ್ರಾಗ ನನ್ನ ಅರಿಶಿಣ ಮುಚ್ಚಿಬಿಟ್ಟಿತ್ತು.”

“ಸರಿ ಮಾಡಿ ಮತ್ತ ಇಡ್ತೀನಿ. ತಗೊಂಡವ್ರದು ಹಂಗ ಇರ್ತೈತಿ, ಇನ್ನಮುಂದ ತಗೊಳ್ಳೋರಿಗೆ ಎಂಟು ಎಸಳು ಸಿಗ್ತಾವ.”

ಹಾಲಸ್ವಾಮಿ, “ಮೊದ್ಲು ಅದನ್ನ ಮಾಡು. ನಮ್ಮ ಹೆಸರು ಕೆಡ್ತೈತಿ,” ಎಂದ.

“ನಮ್ಮ ಹೆಸರೆಲ್ಲಿ ಐತಿ ಅದ್ರಾಗ?” ಹೂವಮ್ಮ ಕಾರ್ಡನ್ನು ಜಗುಲಿಯ ಪಕ್ಕದ ಗೂಡಿನಲ್ಲಿ ನಿಲ್ಲಿಸಿದಳು. “ಬ್ಯಾಡ, ಇರ್ಲಿ ಬಿಡು. ಎಂಟು ಮಾಡಿಬಿಟ್ರ, ಅದು ಎಲ್ಲೆಲ್ಲಿ ಹೋಗಿ ಬಂತು ಅಂತ ನನಗ ಹೆಂಗ ಗೊತ್ತಾಗಬೇಕು?”

ಅಂದಿನಿಂದ ಆ ಮನೆಗೆ ಯಾರೇ ಕಾರ್ಡು ಕೊಡಲು ಬರಲಿ, ಹೂವಮ್ಮ ಅದನ್ನು ಮೊದಲು ಗಂಡನಿಗೆ ಓದಲು ಕೊಡುವುದಿಲ್ಲ. ಕಿಟಕಿಯ ಬಳಿ ಒಯ್ದು ಮೂಲೆಯ ಹೂವಿನ ಎಸಳು ಎಣಿಸುತ್ತಾಳೆ. ಆಮೇಲೆ ವರ ಯಾರು, ವಧು ಯಾರು ಎಂದು ಕೇಳುತ್ತಾಳೆ.